ಸರ್ವರ್ ಆಫೀಸಿನಲ್ಲೇ ಇರಲಾ, ಹೈದರಾಬಾದಿಗೆ ಕಳಿಸಲಾ?

ನಮ್ಮ ಕಲಬುರಗಿಯಲ್ಲಿ ಸರ್ವರ್ ಬಗ್ಗೆ, ಅಂದರೆ ಎಲ್ಲರೂ ಹಂಚಿಕೊಂಡು ಬಳಸುವ ಆಫೀಸಿನ ದೊಡ್ಡ ಕಂಪ್ಯೂಟರ್ ಬಗ್ಗೆ, ಮಾತು ಶುರುವಾಗುವುದೇ ಮೇ ತಿಂಗಳಲ್ಲಿ. ಹೊರಗೆ 43 ಡಿಗ್ರಿ. ಕರೆಂಟ್ ಹೋಗಿ ಬಂತು, ಸರ್ವರನ್ನು ಯುಪಿಎಸ್ ಹಿಡಿದುಕೊಂಡಿತು, ಆದರೆ ಎ.ಸಿ. ಮಾತ್ರ ಮತ್ತೆ ತಾನಾಗಿ ಆನ್ ಆಗಲಿಲ್ಲ. ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಒಂದು ದಾಲ್ ಮಿಲ್ಲಿನಲ್ಲಿ ಹೀಗೇ ಆಯಿತು. ಸೋಮವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ ಒಲೆ ಮುಂದೆ ನಿಂತ ಹಾಗಿತ್ತು. ಸರ್ವರ್ ತಾನೇ ಆಫ್ ಆಗಿತ್ತು, ಪುಣ್ಯ. ಮುಚ್ಚಳ ಬಿಚ್ಚಿ ನೋಡಿದೆ. ಫ್ಯಾನಿನ ರೆಕ್ಕೆಗೆ, ಶಾಖ ಹೊರಹಾಕುವ ಹೀಟ್‌ಸಿಂಕಿನ ಸಂದಿಗೆಲ್ಲ ತೊಗರಿ ಹೊಟ್ಟಿನ ಧೂಳು, ಬೆರಳಿಗೆ ಕಡಲೆಹಿಟ್ಟಿನ ಹಾಗೆ ಅಂಟಿಕೊಂಡಿತು. "ಇದನ್ನ ಹೈದರಾಬಾದಿನ ಡೇಟಾ ಸೆಂಟರಿಗೆ ಕಳಿಸಿಬಿಡೋಣ" ಎಂದರು ಮಾಲೀಕರು. ಡೇಟಾ ಸೆಂಟರ್ ಎಂದರೆ ಹಲವರ ಸರ್ವರುಗಳನ್ನು ಒಟ್ಟಿಗೆ ಇಡುವ ಕಟ್ಟಡ. ಕಳಿಸುವ ಮುಂಚೆ ಏನು ನೋಡಬೇಕು ಎಂಬುದನ್ನು ಸ್ವಲ್ಪ ಕೇಳಿ, ಸ್ವಲ್ಪ ಪೆಟ್ಟು ತಿಂದು ಕಲಿತೆ.

ಹೀಗೆ ಕಳಿಸಿ ಇಡುವುದಕ್ಕೆ ಕೊಲೊಕೇಶನ್ ಎನ್ನುತ್ತಾರೆ. ಮಷಿನ್ ನಿಮ್ಮದು, ಮನೆ ಬಾಡಿಗೆಯದು. ಜಾಗ, ಕರೆಂಟು, ತಂಪು, ಇಂಟರ್ನೆಟ್ಟು ಡೇಟಾ ಸೆಂಟರಿನವರು ಕೊಡುತ್ತಾರೆ. ಡಿಸ್ಕ್ ಸತ್ತರೆ ಹೊಸದು ತರುವ ಖರ್ಚು ನಿಮ್ಮದೇ. ಮಷಿನ್ನೂ ಬಾಡಿಗೆಯದೇ ಆದ ಕ್ಲೌಡಿನಲ್ಲಿ ಈ ತಲೆನೋವು ಇಲ್ಲ, ಆದರೆ ತಿಂಗಳ ಮೀಟರ್ ಓಡುತ್ತಲೇ ಇರುತ್ತದೆ. ಅಲ್ಲಿ ಸರ್ವರುಗಳನ್ನು ಒಂದರ ಮೇಲೊಂದು ರ‍್ಯಾಕಿನಲ್ಲಿ, ಅಂದರೆ ಕಬ್ಬಿಣದ ಕಪಾಟಿನಲ್ಲಿ ಜೋಡಿಸುತ್ತಾರೆ, ಜಾಗವನ್ನು 'ಯು' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಯು ಎಂದರೆ ಒಂದೂಮುಕ್ಕಾಲು ಇಂಚು ಎತ್ತರ, ಪೂರ್ತಿ ರ‍್ಯಾಕು ಸಾಮಾನ್ಯವಾಗಿ 42 ಯು. ನಮ್ಮಂಥವರಿಗೆ ಒಂದೆರಡು ಯು ಸಾಕು.

ಮೊದಲು ನೋಡಬೇಕಾದ್ದು ದುಡ್ಡಲ್ಲ. ಆ ಸರ್ವರನ್ನು ಬಳಸುವವರು ಎಲ್ಲಿ ಕೂತಿದ್ದಾರೆ? ಎಲ್ಲರೂ ಒಂದೇ ಕಟ್ಟಡದಲ್ಲಿದ್ದರೆ ಅದನ್ನು 220 ಕಿಲೋಮೀಟರ್ ದೂರ ಕಳಿಸಿ, ನಂತರ ಇಂಟರ್ನೆಟ್ಟಿನಲ್ಲಿ ವಾಪಸ್ ಎಳೆದುಕೊಳ್ಳುವುದು ಸುಮ್ನೆ ಕೆಲಸ, ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ ದಿನ ಬಿಲ್ಲೂ ಹೊಡೆಯೋಕೆ ಆಗುವುದಿಲ್ಲ. ಗಂಜಿನಲ್ಲಿ ಒಂದು ಅಂಗಡಿ, ಬೀದರಿನಲ್ಲಿ ಗೋದಾಮು, ಯಾದಗಿರಿಯಲ್ಲಿ ಏಜೆಂಟರು ಎಂದು ಜನ ಹರಡಿಕೊಂಡಿದ್ದರೆ ಮಾತ್ರ ಯೋಚಿಸಿ. ಆಗಲೂ ಆಫೀಸಿಗೆ ಎರಡು ಕಂಪನಿಯ ಲೈನು ಬೇಕು. ಎರಡೂ ಒಂದೇ ಕಂಬದಿಂದ ಇಳಿದು ಬಂದರೆ ಅದು ಎರಡಲ್ಲ, ಒಂದೇ. ಹೊರಗೆ ಹೋಗಿ ತಲೆ ಎತ್ತಿ ನೋಡಿ.

ಲೆಕ್ಕಪತ್ರಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಡೇಟಾ ಫೋಲ್ಡರನ್ನು ವಿಪಿಎನ್ ಮೇಲೆ, ಅಂದರೆ ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿಯಲ್ಲಿ, ಶೇರ್ ಮಾಡಿ ಇಲ್ಲಿಂದ ತೆರೆಯಲು ಹೋಗಬೇಡಿ, ಆಮೆಯ ಹಾಗೆ ತೆವಳುತ್ತದೆ. ಟ್ಯಾಲಿ ಸರ್ವರಿನಲ್ಲೇ ಓಡಲಿ, ನೀವು ಅದರ ಪರದೆಯನ್ನು ಇಲ್ಲಿ ನೋಡುತ್ತಾ ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪಿನಿಂದ ಒಳಗೆ ಹೋಗಿ. ವಿಂಡೋಸ್ ಸರ್ವರ್ ಆದರೆ ಹಾಗೆ ಒಳಗೆ ಬರುವವರಿಗೆ ಬೇರೆ ಲೈಸೆನ್ಸ್ ಬೇಕು. ಕೊಟೇಶನ್ನಿನಲ್ಲಿ ಇದು ಇರುವುದೇ ಇಲ್ಲ.

ಈಗ ದುಡ್ಡಿಗೆ ಬರೋಣ. ಎಲ್ಲರೂ ಡೇಟಾ ಸೆಂಟರಿನ ಬಾಡಿಗೆ ನೋಡಿ ಹೌಹಾರುತ್ತಾರೆ, ಆಫೀಸಿನಲ್ಲೇ ಇಟ್ಟರೆ ಎಷ್ಟು ಎಂದು ಬರೆದಿಡುವುದೇ ಇಲ್ಲ. 400 ವ್ಯಾಟ್ ಎಳೆಯುವ ಸರ್ವರ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 288 ಯೂನಿಟ್. ಅದನ್ನು ತಂಪಿಡುವ ಎ.ಸಿ. ಒಂದೂವರೆ ಕಿಲೋವ್ಯಾಟಿನದಾಗಿ, ಕಂಪ್ರೆಸರ್ ದಿನಕ್ಕೆ 12 ಗಂಟೆ ಓಡಿದರೂ 540 ಯೂನಿಟ್. ಅಂದರೆ ಸರ್ವರಿಗಿಂತ ಎ.ಸಿ.ಯೇ ಜಾಸ್ತಿ ತಿನ್ನುತ್ತದೆ, ಅಲ್ವಾ? ಯುಪಿಎಸ್ ಬ್ಯಾಟರಿಯನ್ನೂ ಸೇರಿಸಿ. ಲೆಡ್ ಬ್ಯಾಟರಿಗೆ 25 ಡಿಗ್ರಿ ಹಿತ, ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ಜನರೇಟರಿನ ಡೀಸೆಲ್ಲು, ನಿಮ್ಮ ಕೋಣೆಯ ಬಾಡಿಗೆ, ಕೆಲಸ ನಿಂತ ದಿನದ ನಷ್ಟ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಆಮೇಲೆ ಕೊಟೇಶನ್ ಪಕ್ಕಕ್ಕಿಟ್ಟು ನೋಡಿ.

ಕೊಟೇಶನ್ನಿನಲ್ಲೂ ಗುಟ್ಟುಗಳಿವೆ. ಕರೆಂಟ್ ಬಳಸಿದಷ್ಟಕ್ಕೇ ಬಿಲ್ಲಾ, ಇಲ್ಲ ಕಾದಿರಿಸಿದಷ್ಟಕ್ಕೂ ಕೊಡಬೇಕಾ ಎಂದು ಕೇಳಿ. ಡೇಟಾ ಸೆಂಟರಿನ ದರ್ಜೆ ಟಿಯರ್ 3 ಎಂದರೆ ಸಾಮಾನ್ಯವಾಗಿ 99.982 ಶೇಕಡಾ ಸಮಯ ಚಾಲೂ ಇರುತ್ತದೆ ಎನ್ನುತ್ತಾರೆ, ವರ್ಷಕ್ಕೆ ಸುಮಾರು ಒಂದೂವರೆ ಗಂಟೆ ನಿಲ್ಲಬಹುದು ಎಂದರ್ಥ. ಅವರು ಎ, ಬಿ ಎಂದು ಎರಡು ಕಡೆಯಿಂದ ಕರೆಂಟ್ ಕೊಟ್ಟರೂ ನಿಮ್ಮ ಮಷಿನ್ನಿಗೆ ಪವರ್ ಸಪ್ಲೈ ಒಂದೇ ಇದ್ದರೆ ಏನೂ ಲಾಭವಿಲ್ಲ.

ನಾನು ಪೆಟ್ಟು ತಿಂದದ್ದು 'ರಿಮೋಟ್ ಹ್ಯಾಂಡ್ಸ್' ವಿಷಯದಲ್ಲಿ. ಅಂದರೆ ಅಲ್ಲಿನ ಹುಡುಗ ನಮ್ಮ ಪರವಾಗಿ ಕೈ ಹಾಕುವುದು. ಹೈದರಾಬಾದಿಗೆ ಕಳಿಸಿದ್ದ ಮಿಲ್ಲಿನ ಸರ್ವರಿನಲ್ಲಿ ನಾಲ್ಕು ಡಿಸ್ಕಿನ ರೇಡ್ 5 ಇತ್ತು, ಅಂದರೆ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ, ಎರಡು ಹೋದರೆ ಉಳಿಯದ ಜೋಡಣೆ. ರಾತ್ರಿ ಹತ್ತೂವರೆಗೆ ಒಂದು ಡಿಸ್ಕ್ ಹೋಯಿತು. "ಮೂರನೆಯದು ತೆಗೆಯಪ್ಪ" ಎಂದೆ ಫೋನಿನಲ್ಲಿ. ನಾನು ಸೊನ್ನೆಯಿಂದ ಎಣಿಸಿದ್ದೆ, ಅವನು ಒಂದರಿಂದ ಎಣಿಸಿದ. ಚೆನ್ನಾಗಿದ್ದ ಡಿಸ್ಕ್ ಕೈಗೆ ಬಂತು, ಇಡೀ ರೇಡ್ ಕುಸಿಯಿತು. ತಪ್ಪು ಅವನದು ಎಂದು ಕೂಗಾಡಿದೆ, ಅರ್ಧ ನನ್ನದೇ. ಬೆಳಗಿನ ಜಾವ ಬ್ಯಾಕಪ್ ಡಿಸ್ಕ್ ಹಿಡಿದುಕೊಂಡು ಹೈದರಾಬಾದಿನ ದಾರಿ ಹಿಡಿದೆ.

ಅದಕ್ಕೇ ಹೇಳುವುದು, ಕಳಿಸುವ ಮುಂಚೆ ಪ್ರತಿ ಡಿಸ್ಕಿನ ಮುಂದೆ ಸೀರಿಯಲ್ ನಂಬರಿನ ಚೀಟಿ ಅಂಟಿಸಿ, ಫೋಟೋ ತೆಗೆದಿಡಿ. ಡಿಸ್ಕ್ ತೆಗೆಸುವಾಗ ಅದರ ದೀಪ ಮಿನುಗಿಸಿ, "ಮಿನುಗುತ್ತಿರೋದು ಮಾತ್ರ" ಎನ್ನಿ. ಒಂದು ಹೊಸ ಡಿಸ್ಕ್ ಅಲ್ಲೇ ಇಟ್ಟು ಬನ್ನಿ. ದೂರದಿಂದಲೇ ಮಷಿನ್ ಆನ್-ಆಫ್ ಮಾಡಲು ಬಿಡುವ ಐಡ್ರಾಕ್, ಐಎಲ್ಓ ತರಹದ ರಿಮೋಟ್ ಕಾರ್ಡ್ ಇಲ್ಲದ ಮಷಿನ್ ಕಳಿಸಲೇಬೇಡಿ, ಇದ್ದರೂ ಅದನ್ನು ವಿಪಿಎನ್ ಹಿಂದೆಯೇ ಇಡಿ. ರಿಮೋಟ್ ಹ್ಯಾಂಡ್ಸಿಗೆ ಗಂಟೆಗೆ ಎಷ್ಟು, ರಾತ್ರಿ ಬೇರೆ ರೇಟಾ, ಒಪ್ಪಂದ ಮುಗಿಯುವ ಮುಂಚೆ ಮಷಿನ್ ವಾಪಸ್ ತಂದರೆ ಎಷ್ಟು ಕಟ್ಟಬೇಕು, ಇದೆಲ್ಲ ಬರಹದಲ್ಲಿ ತಗೊಳ್ಳಿ.

ಮಿಲ್ಲಿನ ಸರ್ವರ್ ಈಗಲೂ ಹೈದರಾಬಾದಿನಲ್ಲೇ ಇದೆ, ಯಾಕೆಂದರೆ ಬೀದರಿನ ಗೋದಾಮಿಗೂ ಅದೇ ಬೇಕು. ಹಳೆಯ ಮಷಿನ್ ಒಂದನ್ನು ಧೂಳಿಲ್ಲದ ಕಡೆ, ಮಾಲೀಕರ ಮನೆಯಲ್ಲಿ ಇಟ್ಟಿದ್ದೇನೆ. ದಿನಾ ರಾತ್ರಿ ಬ್ಯಾಕಪ್ ಅಲ್ಲಿಗೆ ಇಳಿಯುತ್ತದೆ.