ಮಳೆಗಾಲದ ಕೆನ್ನೀರು ಮತ್ತು ಐದು ಮೈಕ್ರಾನಿನ ಕಾರ್ಟ್ರಿಜ್

ನಮ್ಮ ಮನೆ ಇರುವುದು ಮಡಿಕೇರಿ ಮತ್ತು ಸುಂಟಿಕೊಪ್ಪದ ನಡುವಿನ ಕಾಫಿ ತೋಟವೊಂದರಲ್ಲಿ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಇಳಿದು ಬರುವ ನೀರೇ ಮನೆ ಬಳಕೆಗೂ ಅಕ್ವೇರಿಯಂಗೂ ಆಧಾರ. ಬೇಸಿಗೆ ಮುಗಿಯುವವರೆಗೂ ಆ ನೀರು ಗಾಜಿನಷ್ಟು ತಿಳಿಯಾಗಿರುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ತೋಟದ ಕೆಂಪು ಮಣ್ಣು ಕದಡಿ ನಲ್ಲಿಯಲ್ಲೂ ಕೆನ್ನೀರು ಬರುತ್ತದೆ. ಕೊಡವರ ಕಕ್ಕಡ ತಿಂಗಳು, ಎಂದರೆ ಆಗಸ್ಟ್ ನಡುಭಾಗ, ಕಳೆಯುವವರೆಗೂ ಅದು ಪೂರ್ತಿ ತಿಳಿಯಾಗುವುದಿಲ್ಲ. ನನ್ನ ಮೂರು ಅಡಿ ಉದ್ದದ ತೊಟ್ಟಿ ಸುಮಾರು 150 ಲೀಟರ್ ಹಿಡಿಯುತ್ತದೆ. ವಾರಕ್ಕೊಮ್ಮೆ 50 ಲೀಟರ್ ಬದಲಿಸುವುದು ರೂಢಿಯಾದ್ದರಿಂದ, ಮಳೆಗಾಲದಲ್ಲಿ ಪ್ರತಿ ವಾರವೂ ನಾನೇ ಕೈಯಾರೆ ಮಣ್ಣನ್ನು ತೊಟ್ಟಿಗೆ ಸುರಿದಂತಾಗುತ್ತಿತ್ತು.

ಕಾದರೆ ಮಣ್ಣು ತಾನಾಗಿ ತಳ ಸೇರುತ್ತದೆ ಎಂದು ಮೊದಮೊದಲು ನಂಬಿದ್ದೆ. ಮರಳು, ಒರಟು ಹೂಳು ಸೇರುತ್ತವೆ, ಜೇಡಿ ಸೇರುವುದಿಲ್ಲ. ಜೇಡಿಯ ಕಣ ಎರಡು ಮೈಕ್ರಾನಿಗಿಂತ, ಎಂದರೆ ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತ ಚಿಕ್ಕದು. ಒಂದು ಮೈಕ್ರಾನ್ ಗಾತ್ರದ ಕಣ ಅಲುಗದ ನೀರಿನಲ್ಲಿಯೂ ದಿನಕ್ಕೆ ಏಳೆಂಟು ಸೆಂಟಿಮೀಟರಿಗಿಂತ ಹೆಚ್ಚು ಇಳಿಯುವುದಿಲ್ಲ. ಸಾಲದ್ದಕ್ಕೆ ಈ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುವುದರಿಂದ ಗಂಟುಕಟ್ಟಿ ಭಾರವಾಗುವುದೂ ಇಲ್ಲ. ಪಂಪು ನೀರನ್ನು ಸದಾ ತಿರುಗಿಸುತ್ತಿರುವ ತೊಟ್ಟಿಯಲ್ಲಂತೂ ಅವು ತಳ ಕಾಣುವ ಮಾತೇ ಇಲ್ಲ. ಕರೆಂಟು ಹೋದ ಒಂದು ರಾತ್ರಿ ತೊಟ್ಟಿಯ ಪಕ್ಕದಿಂದ ಟಾರ್ಚ್ ಹಿಡಿದಾಗ, ಹೊಗೆ ತುಂಬಿದ ಅಡುಗೆಮನೆಗೆ ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಂತೆ ಬೆಳಕು ಉದ್ದಕ್ಕೂ ಕಂಡಿತು. ಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳು ಬೆಳಕನ್ನು ಚದುರಿಸಿದಾಗ ಹೀಗಾಗುತ್ತದೆ. ಅಂದಿನಿಂದ ನೀರಿನ ತಿಳಿಯನ್ನು ಅಳೆಯಲು ನನಗೆ ಈ ಟಾರ್ಚೇ ಸಾಧನವಾಗಿದೆ.

ತೊಟ್ಟಿಯ ಹೊರಗೆ ಮುಚ್ಚಿದ ಡಬ್ಬಿಯಂತಿದ್ದು, ಪಂಪಿನಿಂದ ನೀರನ್ನು ಎಳೆದು ಸೋಸಿ ಮರಳಿಸುವ ನನ್ನ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಒರಟು ಸ್ಪಂಜ್ ಮತ್ತು ಸೆರಾಮಿಕ್ ಉಂಗುರಗಳು ಮಾತ್ರ ಇದ್ದವು. ಎಲೆಯ ಚೂರು, ಮೀನಿನ ಹಿಕ್ಕೆ ಸ್ಪಂಜಿನಲ್ಲಿ ನಿಲ್ಲುತ್ತವೆ, ಜೇಡಿ ಸಲೀಸಾಗಿ ದಾಟಿ ಹೋಗುತ್ತದೆ. ಆದ್ದರಿಂದ ಕೊನೆಯ ಹಂತವಾಗಿ ಪಾಲಿಯೆಸ್ಟರ್ ಹತ್ತಿಯ ಒಂದು ಪದರವನ್ನೂ ಅದರ ಮೇಲೆ ನುಣ್ಣನೆಯ ಪಾಲಿಶಿಂಗ್ ಪ್ಯಾಡನ್ನೂ ಇಟ್ಟೆ. ಅಕ್ವೇರಿಯಂಗೆಂದೇ ಮಾರುವ ಹತ್ತಿಯನ್ನೇ ಕೊಳ್ಳಬೇಕು; ದಿಂಬಿಗೆ ತುಂಬುವ ಹತ್ತಿಗೆ ಕೆಲವೊಮ್ಮೆ ಅಂಟು ಅಥವಾ ಬೇರೆ ರಾಸಾಯನಿಕ ಸವರಿರುತ್ತಾರೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ನೀರು ಎದ್ದು ಕಾಣುವಂತೆ ತಿಳಿಯಾಯಿತು. ಆ ಸಂತೋಷದಲ್ಲಿ ಪ್ಯಾಡನ್ನು ಹಾಗೆಯೇ ಬಿಟ್ಟದ್ದು ನಾನು ಮಾಡಿದ ದೊಡ್ಡ ತಪ್ಪು.

ನುಣ್ಣನೆಯ ಪ್ಯಾಡು ಹಿಡಿದಷ್ಟೂ ಬಿಗಿಯಾಗುತ್ತದೆ. ಮೊದಲು ನಿಂತ ಕಣಗಳು ಮುಂದೆ ಬರುವ ಇನ್ನೂ ಚಿಕ್ಕ ಕಣಗಳಿಗೆ ಜಾಲರಿಯಾಗುವುದರಿಂದ ಸೋಸುವಿಕೆ ಉತ್ತಮಗೊಳ್ಳುತ್ತ ಹೋಗುತ್ತದೆ, ಅದೇ ವೇಗದಲ್ಲಿ ನೀರಿನ ಹರಿವು ಕುಗ್ಗುತ್ತದೆ. ನಾಲ್ಕನೆಯ ದಿನ ಫಿಲ್ಟರಿನ ಬಾಯಿಂದ ಬರುತ್ತಿದ್ದುದು ಬೆರಳಿನ ದಪ್ಪದ ಧಾರೆಗಿಂತ ಕಡಿಮೆ ಎಂಬುದನ್ನು ನಾನು ಗಮನಿಸಲಿಲ್ಲ. ಆ ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಬೆಳಿಗ್ಗೆ ಕರೆಂಟು ಬಂದಾಗ, ಮುಚ್ಚಿದ ಕ್ಯಾನಿಸ್ಟರಿನಲ್ಲಿ ಗಂಟೆಗಟ್ಟಲೆ ನಿಂತು ಆಮ್ಲಜನಕ ಕಳೆದುಕೊಂಡು ಕೆಟ್ಟ ನೀರು ನೇರವಾಗಿ ತೊಟ್ಟಿಗೆ ಬಿತ್ತು. ಪಶ್ಚಿಮ ಘಟ್ಟದ ತೊರೆಗಳದ್ದೇ ಆದ ಎಂಟು ಮೆಲನ್ ಬಾರ್ಬ್ ಮೀನುಗಳನ್ನು ಸಾಕಿದ್ದೆ. ಎಲ್ಲವೂ ಮೇಲ್ಮೈಗೆ ಬಾಯಿ ಹಚ್ಚಿ ಉಸಿರಿಗೆ ಒದ್ದಾಡುತ್ತಿದ್ದವು. ಬಕೆಟಿನಿಂದ ಎತ್ತರಕ್ಕೆ ಎತ್ತಿ ನೀರು ಸುರಿಯುತ್ತ ಆರನ್ನು ಉಳಿಸಿಕೊಂಡೆ, ಎರಡು ಹೋದವು. ಅವುಗಳ ಸಾವು ಈಗಲೂ ನನ್ನನ್ನು ಕಾಡುತ್ತದೆ, ಏಕೆಂದರೆ ಆ ದಿನ ನೀರು ನೋಡಲು ಎಂದಿಗಿಂತಲೂ ತಿಳಿಯಾಗಿತ್ತು. ಕಣ್ಣಿಗೆ ತಿಳಿಯಾಗಿ ಕಂಡ ನೀರು ಮೀನಿಗೆ ಒಳ್ಳೆಯ ನೀರಾಗಿರಬೇಕೆಂದಿಲ್ಲ; ಅಮೋನಿಯ, ನೈಟ್ರೇಟ್ ಕರಗಿದ ರೂಪದಲ್ಲಿರುವುದರಿಂದ ಎಷ್ಟು ನುಣ್ಣನೆಯ ಪ್ಯಾಡಿಗೂ ಅವು ಸಿಗುವುದಿಲ್ಲ. ಈಗ ಕರೆಂಟು ಹೋಗಿ ಎರಡು ಮೂರು ಗಂಟೆ ಕಳೆದಿದ್ದರೆ ಕ್ಯಾನಿಸ್ಟರಿನ ನೀರನ್ನು ಮೊದಲು ಹೊರಗೆ ಚೆಲ್ಲಿ, ಆಮೇಲೆ ಪಂಪು ಹಾಕುತ್ತೇನೆ. ಬ್ಯಾಟರಿಯಲ್ಲಿ ನಡೆಯುವ ಒಂದು ಏರ್ ಪಂಪನ್ನೂ ಇಟ್ಟುಕೊಂಡಿದ್ದೇನೆ.

ಮುಂದಿನ ಮಳೆಗಾಲಕ್ಕೆ ಮೊದಲು ಕುಳಿತು ಲೆಕ್ಕ ಹಾಕಿದೆ. ತೊಟ್ಟಿಯ ಒಳಗೇ ಸೋಸುವಾಗ ಸೋಸಿದ ನೀರು ಸೋಸದ ನೀರಿನೊಡನೆ ಮತ್ತೆ ಬೆರೆಯುತ್ತದೆ. ಫಿಲ್ಟರು ತನ್ನ ಮೂಲಕ ಹಾದ ಒಂದೊಂದು ಕಣವನ್ನೂ ಹಿಡಿಯುತ್ತದೆ ಎಂದಿಟ್ಟುಕೊಂಡರೂ, 150 ಲೀಟರ್ ಹಾದು ಮುಗಿಯುವಾಗ ತೊಟ್ಟಿಯಲ್ಲಿ ಶೇಕಡ 37ರಷ್ಟು ಮಣ್ಣು ಉಳಿದೇ ಇರುತ್ತದೆ. ಅದು ಶೇಕಡ 5ಕ್ಕೆ ಇಳಿಯಬೇಕಾದರೆ 450 ಲೀಟರ್ ಹಾಯಬೇಕು. ಮಣ್ಣು ಬರುತ್ತಿರುವುದು ಬದಲಿಸುವ 50 ಲೀಟರಿನಲ್ಲಿ ಮಾತ್ರ ಎಂದಾದರೆ ಆ 50 ಲೀಟರನ್ನು ತೊಟ್ಟಿಗೆ ಸೇರುವ ಮೊದಲೇ ಒಂದು ಸಲ ಸೋಸಿದರೆ ಸಾಕಲ್ಲವೇ? ಇಷ್ಟು ಸರಳ ಸಂಗತಿ ಹೊಳೆಯಲು ನನಗೆ ಮೂರು ಮಳೆಗಾಲ ಬೇಕಾಯಿತು.

ತಾರಸಿಗೆ ಹತ್ತುವ ಮೆಟ್ಟಿಲಿನ ತಿರುವಿನಲ್ಲಿ ಒಂದು ಡ್ರಮ್ ಇಟ್ಟು, ತಳದಿಂದ ನಾಲ್ಕು ಬೆರಳು ಮೇಲಕ್ಕೆ ನಲ್ಲಿ ಕೂರಿಸಿದೆ. ಒರತೆಯ ನೀರು ಅದರಲ್ಲಿ ಒಂದು ಇಡೀ ದಿನ ನಿಂತರೆ ಒರಟು ಹೂಳೆಲ್ಲ ತಳದಲ್ಲಿ ಉಳಿಯುತ್ತದೆ. ನಲ್ಲಿಯಿಂದ ಇಳಿಯುವ ಪೈಪಿಗೆ, ಕುಡಿಯುವ ನೀರಿನ ಯಂತ್ರಗಳಲ್ಲಿ ಬಳಸುವ 10 ಇಂಚಿನ ಪಾಲಿಪ್ರೊಪಿಲೀನ್ ಕಾರ್ಟ್ರಿಜ್‌ಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದ್ದೇನೆ: ಮೊದಲನೆಯದು 20 ಮೈಕ್ರಾನ್, ಎರಡನೆಯದು 5 ಮೈಕ್ರಾನ್. ಐದು ಮೈಕ್ರಾನಿನದು ಒಂದು ಮೈಕ್ರಾನಿನ ಜೇಡಿಯನ್ನು ಹೇಗೆ ಹಿಡಿಯುತ್ತದೆ ಎಂದು ಕೇಳಬಹುದು. ಇಂಥ ಕಾರ್ಟ್ರಿಜ್‌ಗಳಲ್ಲಿ ನೀರು ನೂಲಿನ ದಪ್ಪ ಪದರದ ಒಳಗೆ ಸುತ್ತಿ ಸುತ್ತಿ ಸಾಗುವುದರಿಂದ ಅದಕ್ಕಿಂತ ಚಿಕ್ಕ ಕಣಗಳಲ್ಲೂ ಒಂದಷ್ಟು ಸಿಕ್ಕಿಬೀಳುತ್ತವೆ. ಮೇಲೆ ಮಣ್ಣಿನ ತೆಳುಪೊರೆ ಕಟ್ಟಿದ ಮೇಲೆ ಇನ್ನೂ ಹೆಚ್ಚು. ಮೂರು ಮೀಟರಿನಷ್ಟು ಇಳಿಜಾರಿನ ಒತ್ತಡಕ್ಕೆ 50 ಲೀಟರ್ ಇಳಿಯಲು ಸುಮಾರು ಒಂದೂವರೆ ಗಂಟೆ ಬೇಕು. ನಿಧಾನವಾದಷ್ಟೂ ಚೆನ್ನಾಗಿ ಸೋಸುತ್ತದೆ, ಕರೆಂಟಿನ ಹಂಗೂ ಇಲ್ಲ. ಮೊದಲ ಸಲ ಕಾರ್ಟ್ರಿಜ್ ಬಿಚ್ಚಿ ನೋಡಿದಾಗ ಹಾಲುಬಿಳುಪಿನ ನೂಲು ಹಳೆಯ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಅಡ್ಡಕ್ಕೆ ಕತ್ತರಿಸಿದಾಗ ಆ ಕೆಂಪು ಹೊರಗಿನಿಂದ ಒಳಕ್ಕೆ ಮಸುಕಾಗುತ್ತ ಬಂದು, ನಡುವಿನ ತೂತಿನ ಸುತ್ತ ಒಂದು ಬೆಳ್ಳನೆಯ ಬಳೆಯಷ್ಟು ಮಾತ್ರ ಶುಭ್ರವಾಗಿ ಉಳಿದಿತ್ತು. ಅದನ್ನು ನೋಡಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಪಟಿಕ ಹಾಕಿದರೆ ಕ್ಷಣದಲ್ಲಿ ತಿಳಿಯಾಗುತ್ತದಲ್ಲ ಎಂದು ನೆರೆಯವರು ಹೇಳುವುದುಂಟು. ನಮ್ಮ ಹಿರಿಯರು ಬಾವಿ ನೀರಿಗೆ ಹಾಕುತ್ತಿದ್ದುದೂ ನಿಜ, ಅದು ಜೇಡಿಯನ್ನು ಗಂಟುಕಟ್ಟಿಸುವುದೂ ನಿಜ. ಆದರೆ ಪ್ರತಿ 10 ಮಿಲಿಗ್ರಾಂ ಪಟಿಕ ಸುಮಾರು 5 ಮಿಲಿಗ್ರಾಂ ಕ್ಷಾರತೆಯನ್ನು, ಎಂದರೆ ನೀರು ಹುಳಿಯಾಗದಂತೆ ತಡೆಯುವ ಅಂಶವನ್ನು, ನುಂಗಿಬಿಡುತ್ತದೆ. ನಮ್ಮ ಒರತೆಯ ನೀರು ಬಹಳ ಮೃದು; ನಾನು ಪರೀಕ್ಷಿಸಿದಾಗ ಲೀಟರಿಗೆ 30 ಮಿಲಿಗ್ರಾಂ ಆಸುಪಾಸಿನ ಕ್ಷಾರತೆಯಷ್ಟೇ ಇತ್ತು. ಅದೂ ಮುಗಿದುಹೋದರೆ ನೀರು ಏಕಾಏಕಿ ಹುಳಿಯಾಗುತ್ತದೆ, ಹುಳಿ ನೀರಿನಲ್ಲಿ ಅಲ್ಯೂಮಿನಿಯಂ ಮೀನಿನ ಕಿವಿರಿಗೆ ವಿಷ. ಮೀನಿನ ತೊಟ್ಟಿಗೆ ನಾನು ಪಟಿಕ ಮುಟ್ಟಿಸುವುದಿಲ್ಲ.

ಎಲ್ಲ ಮಬ್ಬಿಗೂ ಇದೇ ಮದ್ದಲ್ಲ. ಹೊಸ ತೊಟ್ಟಿಯ ಹಾಲುಮಬ್ಬು ಬ್ಯಾಕ್ಟೀರಿಯಾದ್ದು, ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಮರದ ಬೊಡ್ಡೆ ಬಿಡುವ ಚಹಾ ಬಣ್ಣಕ್ಕೆ ಸಕ್ರಿಯ ಇದ್ದಿಲು ಬೇಕು. ಪಟ್ಟಣದ ನಲ್ಲಿ ನೀರು ಬಳಸುವವರಿಗೆ ಕ್ಲೋರಿನ್ ತೆಗೆಯುವ ಕೆಲಸ ಬೇರೆಯೇ ಇದೆ. ಈ ನೂಲಿನ ಕಾರ್ಟ್ರಿಜ್ ಅದನ್ನು ತೆಗೆಯುವುದಿಲ್ಲ.

ಪಾಲಿಶಿಂಗ್ ಪ್ಯಾಡನ್ನು ನಾನು ಪೂರ್ತಿ ಬಿಟ್ಟಿಲ್ಲ. ಗಿಡ ನೆಟ್ಟು ತಳ ಕದಡಿದಾಗ ಒಂದು ದಿನಕ್ಕೆ ಹಾಕಿ, ಮರುದಿನ ತಪ್ಪದೆ ತೆಗೆದುಬಿಡುತ್ತೇನೆ. ಸ್ಪಂಜು ಮತ್ತು ಉಂಗುರಗಳಲ್ಲಿ ಅಮೋನಿಯ ಅರಗಿಸುವ ಬ್ಯಾಕ್ಟೀರಿಯಾ ನೆಲೆಸಿರುವುದರಿಂದ ಅವುಗಳನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಅದ್ದಿ ತೊಳೆಯುತ್ತೇನೆ. ಐದು ಮೈಕ್ರಾನಿನ ಕಾರ್ಟ್ರಿಜ್ ಜೂನ್, ಜುಲೈಯಲ್ಲಿ ಮೂರು ವಾರ ಬಾಳುತ್ತದೆ, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಬರುತ್ತದೆ. ಹೊಸದನ್ನು ಹಾಕಿದಾಗ ಮೊದಲ ಐದಾರು ಲೀಟರನ್ನು ಅಂಗಳದ ಕರಿಬೇವಿನ ಬುಡಕ್ಕೆ ಬಿಟ್ಟು, ಆಮೇಲೆ ಪೈಪಿನ ತುದಿಯನ್ನು ತೊಟ್ಟಿಗೆ ತಿರುಗಿಸುತ್ತೇನೆ.