ದಾನಕ್ಕೆ ಮೊದಲು 501 ರೂಪಾಯಿ: ನನ್ನ ಅನುಭವ

"ಕೊಟ್ಟ ಮೇಲೆ ಲೆಕ್ಕ ಕೇಳಬಾರದು ಕಣಯ್ಯ" ಅನ್ನುತ್ತಿದ್ದ ನಮ್ಮ ಬ್ಯಾಚಿನವರೇ ಈಗ ಕೊಡುವ ಮುಂಚೆ ನನಗೆ ಫೋನ್ ಹಚ್ಚುತ್ತಾರೆ. ದಾನ ಕೇಳುವ ಸಂಸ್ಥೆಗಳನ್ನು ನಾನು ಹೇಗೆ ಪರೀಕ್ಷಿಸುತ್ತೇನೆ ಅಂತ ಬರೆಯುವ ಧೈರ್ಯ ಅದಕ್ಕೇ ಬಂತು. 80ಜಿ (ದಾನಿಗೆ ತೆರಿಗೆ ವಿನಾಯಿತಿ), 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), ಟ್ರಸ್ಟ್ ಡೀಡ್ (ಟ್ರಸ್ಟ್ ಸ್ಥಾಪನೆಯ ಪತ್ರ) ಇವು ಎಲ್ಲರೂ ಕೇಳುವ ಕಾಗದಗಳೇ, ಅದನ್ನು ಬಿಡುತ್ತೇನೆ. ದರ್ಪಣ್ ಐಡಿ (ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರದ ದರ್ಪಣ್ ಜಾಲತಾಣ ಕೊಡುವ ನಂಬರ್) ಬಗ್ಗೆ ಒಂದು ಮಾತು: ಅಲ್ಲಿರುವುದು ಸಂಸ್ಥೆಯವರೇ ತುಂಬಿದ ಮಾಹಿತಿ. ನಂಬರ್ ಇದ್ದ ಮಾತ್ರಕ್ಕೆ ಸರ್ಕಾರ ಬೆನ್ನು ತಟ್ಟಿದೆ ಅಂತಲ್ಲ.

ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ನಮ್ಮ ಗುಂಪಿನಲ್ಲಿ ಸೇರುತ್ತದೆ. ಮೊದಮೊದಲು "ನಮ್ಮ ಭಾವಮೈದುನನಿಗೆ ಗೊತ್ತಿರೋರು" ಅನ್ನುವುದೇ ಆಯ್ಕೆಯ ಮಾನದಂಡ. ಹಾಗೆ ಒಂದು ಹಾಸ್ಟೆಲ್ಲಿನ ಅಡುಗೆಮನೆಗೆ ತೊಂಬತ್ತು ಸಾವಿರ ಹೋಯಿತು. ನೋಡಲು ಹೋದಾಗ ದೊಡ್ಡ ಗ್ರೈಂಡರ್ ಮೇಲೆ ನಮ್ಮ ಬ್ಯಾಚಿನ ಸ್ಟಿಕ್ಕರ್ ಇತ್ತು. ಅಂಚು ಸ್ವಲ್ಪ ಎದ್ದಿತ್ತು, ಉಗುರಲ್ಲಿ ಎಳೆದೆ. ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್, ಯಾವುದೋ ಬೇರೆ ದಾನಿಗಳದ್ದು!

ಆಮೇಲೆ ಅಡ್ಮಿನ್ ಖರ್ಚು ಕಡಿಮೆ ಇರುವವರನ್ನೇ ಹುಡುಕೋಣ ಅಂತ ತೀರ್ಮಾನವಾಯಿತು. "ನೂರಕ್ಕೆ ನೂರು ಮಕ್ಕಳಿಗೇ" ಅಂದ ಒಂದು ಸಂಜೆಶಾಲೆಗೆ ಅರವತ್ತೋ ಎಪ್ಪತ್ತೋ ಸಾವಿರ ಕೊಟ್ಟೆವು. ಪಾಠ ಹೇಳುವ ಹುಡುಗಿಯರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ, ಒಬ್ಬೊಬ್ಬರೇ ಬಿಟ್ಟರು, ಶಾಲೆ ಮುಚ್ಚಿತು. ವಿದೇಶಿ ಹಣ ಪಡೆಯುವವರಿಗೆ ಎಫ್‌ಸಿಆರ್‌ಎ ಕಾನೂನೇ ಆಡಳಿತಕ್ಕೆ 20% ಬಿಟ್ಟಿದೆ (2020ರ ತಿದ್ದುಪಡಿಗೆ ಮುಂಚೆ 50% ಇತ್ತು). ಸೊನ್ನೆ ಅನ್ನುವವರನ್ನು ಕಂಡರೆ ಈಗ ನನಗೆ ಗುಮಾನಿ. ಸಂಬಳದ ಸಾಲು ದಪ್ಪಗಿದ್ದರೆ ಸಮಾಧಾನ.

ಈಗಿನ ಪದ್ಧತಿ ಇದು. ಪಟ್ಟಿಗೆ ಬಂದ ಪ್ರತಿ ಸಂಸ್ಥೆಗೂ ಒಂದು ವರ್ಷ ಮುಂಚೆ ನನ್ನ ಕೈಯಿಂದ 501 ರೂಪಾಯಿ, ಪ್ಯಾನ್ ನಂಬರ್ ಕೊಟ್ಟು ಕಳಿಸುತ್ತೇನೆ. ಯುಪಿಐನಲ್ಲಿ ಟ್ರಸ್ಟಿನ ಹೆಸರಿನ ಬದಲು ಯಾರದೋ ಸ್ವಂತ ಹೆಸರು ಬಂದರೆ ಅಲ್ಲಿಗೇ ಮುಗಿಯಿತು. ಟ್ರಸ್ಟಿನ ಹೆಸರೇ ಬಂದರೆ, ಆ ಆರ್ಥಿಕ ವರ್ಷ ಮುಗಿದ ಮೇಲಿನ ಮೇ 31ರವರೆಗೆ ಕಾಯುವುದು. ಅಷ್ಟರೊಳಗೆ ಅವರು ತೆರಿಗೆ ಇಲಾಖೆಗೆ 10ಬಿಡಿ (ದಾನಿಗಳ ಪಟ್ಟಿ) ಸಲ್ಲಿಸಿ ನನಗೆ 10ಬಿಇ (ದಾನದ ಪ್ರಮಾಣಪತ್ರ) ಕೊಡಬೇಕು. ನಮ್ಮಲ್ಲಿ ಅರ್ಧ ಜನ ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, 80ಜಿ ವಿನಾಯಿತಿ ಅವರಿಗೆ ಸಿಗುವುದೇ ಇಲ್ಲ. "ಮತ್ಯಾಕೆ ಈ ಕಾಗದ?" ಅಂತ ನಕ್ಕರು. ಆ ಕಾಗದ ಬಂತು ಅಂದರೆ ನನ್ನ 501 ಅವರ ಪುಸ್ತಕದಲ್ಲಿ ನನ್ನ ಹೆಸರಲ್ಲೇ ಜಮಾ ಆಗಿದೆ, ತೆರಿಗೆ ಇಲಾಖೆಗೂ ಹೋಗಿದೆ. ಇಪ್ಪತ್ತರ ಸುಮಾರಿನಲ್ಲಿ ಎಂಟೊಂಬತ್ತು ಸಂಸ್ಥೆಗಳಿಂದ ಮಾತ್ರ ಕೇಳದೆಯೇ ಬಂತು. ಹತ್ತು ಸಾವಿರ ಖರ್ಚಿನಲ್ಲಿ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಯಿತು, ಅಗ್ಗವೇ.

ಉಳಿದವರ ಆಡಿಟ್ ರಿಪೋರ್ಟ್ ತರಿಸಿ ಶೆಡ್ಯೂಲ್‌ಗಳನ್ನು (ಕೊನೆಗೆ ಲಗತ್ತಿಸಿದ ಖರ್ಚಿನ ವಿವರದ ಪಟ್ಟಿಗಳು) ಓದುತ್ತೇನೆ. ಮೊದಲ ಪುಟ ಬರೀ ಅಲಂಕಾರ. ಅರವತ್ತು ಮಕ್ಕಳ ಹಾಸ್ಟೆಲ್, ಮೂರು ಹೊತ್ತಿಗೆ ತಲೆಗೆ 55 ರೂಪಾಯಿ, ವರ್ಷಕ್ಕೆ ಮುನ್ನೂರು ದಿನ ಅಂದರೆ ಹತ್ತು ಲಕ್ಷದ ಹತ್ತಿರ ಬರಬೇಕು. ಒಂದು ಕಡೆ ಮೂರೇ ಲಕ್ಷ ತೋರಿಸಿದ್ದರು. ಕೇಳಿದರೆ ಮ್ಯಾನೇಜರ್ ನೇರ ಉಗ್ರಾಣಕ್ಕೆ ಕರೆದೊಯ್ದು ರಿಜಿಸ್ಟರ್ ತೆರೆದರು: ಅಕ್ಕಿ, ಬೇಳೆ, ತೆಂಗಿನಕಾಯಿ ಎಲ್ಲ ಸುತ್ತಲಿನ ರೈತರು ಕೊಟ್ಟದ್ದು, ಮೂಟೆ ಲೆಕ್ಕದಲ್ಲಿ ಸಹಿ ಸಮೇತ. ರೂಪಾಯಿ ಲೆಕ್ಕಕ್ಕೆ ಅದನ್ನು ಹತ್ತಿಸಿರಲಿಲ್ಲ, ಅಷ್ಟೆ. ಇನ್ನೊಂದು ಕಡೆ ಊಟದ ಅಂಕಿ ಚೊಕ್ಕವಾಗಿತ್ತು, ಆದರೆ ಕಟ್ಟಡದ ಬಾಡಿಗೆ ಊರಿನ ದರದ ಎರಡು ಪಟ್ಟು. ಮಾಲೀಕರು ಯಾರು ಅಂತ ಎದುರಿನ ಟೀ ಅಂಗಡಿಯಲ್ಲಿ ಕೇಳಿದರೆ ಸಾಕಾಯಿತು: ಟ್ರಸ್ಟಿಯ ಮನೆಯವರು. ನ್ಯಾಯವಾದ ಬಾಡಿಗೆಗೆ ಕಾನೂನಿನ ತಕರಾರಿಲ್ಲ, ದುಪ್ಪಟ್ಟಿಗೆ ಇದೆ.

ಮಧ್ಯೆ ಒಂದು ಚೇಷ್ಟೆಯನ್ನೂ ಮಾಡಿ ನೋಡಿದೆ. 2019ರ ಪ್ರವಾಹದ ಸಮಯದಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೊರಟಿದ್ದ ಕೆಲವು ಸಂಸ್ಥೆಗಳಿಗೆ ಫೋನ್ ಮಾಡಿ "ಹಳೇ ಬಟ್ಟೆ ಎರಡು ಮೂಟೆ ಇದೆ, ಕಳಿಸಲಾ?" ಅಂದೆ. ಬಹುಪಾಲು ಜನ "ಕಳ್ಸಿ ಸಾರ್" ಅಂದರು. ಒಬ್ಬ ಹೆಣ್ಣುಮಗಳು ಮಾತ್ರ "ಬಟ್ಟಿ ಬ್ಯಾಡ್ರಿ, ಇಲ್ಲಿ ಇಡಾಕ ಜಾಗಾ ಇಲ್ಲ. ಚಾಪಿ, ಟಾರ್ಪಾಲಿನ್ ಇದ್ರ ಹೇಳ್ರಿ" ಅಂದಳು. ಆ ಸಂಸ್ಥೆ ಇವತ್ತಿಗೂ ನಮ್ಮ ಪಟ್ಟಿಯಲ್ಲಿದೆ.

ಭೇಟಿಯ ದಿನ ಟ್ರಸ್ಟಿಗಳಿಗೆ ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬರೆದರೆ ನಾಳೆಯೇ ಉತ್ತರ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ, ಬರೆಯಲ್ಲ.

ಸದ್ಯಕ್ಕೆ ಮೂರು ಸಂಸ್ಥೆಗಳಿಗೆ ಕೊಡುತ್ತಿದ್ದೇವೆ, ಮೂರು ವರ್ಷದ ಮಾತು ಕೊಟ್ಟು. ಸಂಬಳಕ್ಕೂ ಬಳಸಬಹುದು ಅಂತ ಪತ್ರದಲ್ಲೇ ಬರೆದಿದ್ದೇವೆ. ಸ್ಟಿಕ್ಕರ್ ಹಚ್ಚಬೇಡಿ ಅಂತಲೂ.