ಊರಿಗೆ ಹಣ ಕೊಡುವ ಮುನ್ನ: ಬೀಗದ ಕೈ ಯಾರ ಬಳಿ?

ನಮ್ಮದು ದೊಡ್ಡ ಟ್ರಸ್ಟ್ ಅಲ್ಲ. ಶ್ರೀನಿವಾಸಪುರದ ಕಡೆ ಇದ್ದ ಮಾವಿನ ತೋಪನ್ನು ಮಾರಿ, ಮಕ್ಕಳ ಪಾಲು ತೆಗೆದಿಟ್ಟು, ಉಳಿದದ್ದನ್ನು ಠೇವಣಿ ಇಟ್ಟೆವು. ವರ್ಷಕ್ಕೆ ಸುಮಾರು ಮೂರು ಲಕ್ಷ ರೂಪಾಯಿ ಬಡ್ಡಿ ಬರುತ್ತದೆ. ಊರಿನವರು ಒಟ್ಟಿಗೆ ಸೇರುವ ಕೆಲಸಗಳಿಗೆ ಅದು ಹೋಗಬೇಕು ಎಂಬುದು ನನ್ನ ಯಜಮಾನರ ಆಸೆಯಾಗಿತ್ತು. ಅವರು ಹೋದ ಮೇಲೆ ಕೋಲಾರದ ನಮ್ಮ ಮನೆಯ ಹಜಾರದಲ್ಲೇ ಕೂತು ಏಳು ವರ್ಷದಿಂದ ಹಂಚುತ್ತಿದ್ದೇನೆ. ಮೊದಲ ಎರಡು ವರ್ಷ ಹಂಚಿದ್ದು ಹಣವನ್ನಷ್ಟೇ, ಬುದ್ಧಿಯನ್ನಲ್ಲ. ಹೀಗೆ ಸಣ್ಣ ಮೊತ್ತವನ್ನು ಕೊಡಲು ಹೊರಟವರು ಈಗ ಈ ಭಾಗದಲ್ಲಿ ಹಲವರಿದ್ದಾರೆ. ಹೇಗೆ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ವರ್ಷದ ಕಥೆ ಕೇಳಿ. ಒಂದು ಊರಿನ ಸಮುದಾಯ ಭವನಕ್ಕೆ ಐವತ್ತು ಪ್ಲಾಸ್ಟಿಕ್ ಕುರ್ಚಿ ಕೊಡಿಸಿದೆ. ಹಾರ ಹಾಕಿದರು, ಶಾಲು ಹೊದಿಸಿದರು, ಪ್ರತಿ ಕುರ್ಚಿಯ ಬೆನ್ನಿಗೂ ನಮ್ಮ ಮಾವನವರ ಹೆಸರು ಬರೆಸಿದರು. ಎಂಟು ತಿಂಗಳ ನಂತರ ಹೋಗಿ ನೋಡಿದರೆ ನಲವತ್ತು ಕುರ್ಚಿ ಬೀಗ ಹಾಕಿದ ಕೋಣೆಯಲ್ಲಿದ್ದವು, ಹತ್ತು ಅಧ್ಯಕ್ಷರ ಮನೆಯ ಜಗುಲಿಯ ಮೇಲಿದ್ದವು. ಕಾಲೊನಿಯ ಹೆಂಗಸೊಬ್ಬರು ನನ್ನನ್ನು ಬೀದಿಯಲ್ಲೇ ನಿಲ್ಲಿಸಿ, "ಅಮ್ಮಾ, ಕುರ್ಚಿ ಕೊಟ್ಟಿರಿ, ಸರಿ. ಬೀಗದ ಕೈ ಯಾರಿಗೆ ಕೊಟ್ಟಿರಿ?" ಎಂದು ಕೇಳಿದರು. ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ತಿಜೋರಿಗೆ ಎರಡು ಕೈ ಏಕೆ, ಯಾರ ಬಳಿ ಯಾವುದಿರಬೇಕು ಎಂಬುದು ನನಗೆ ಬಾಯಿಪಾಠ. ಆದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಆ ರಾತ್ರಿ ಮುಂಬೈ ಪಕ್ಕದ ಠಾಣೆ ಊರಿನ ನೆನಪಾಯಿತು. ಬ್ಯಾಂಕಿನವರು ನನ್ನನ್ನು ನಾಲ್ಕು ವರ್ಷ ಅಲ್ಲಿಗೆ ವರ್ಗ ಮಾಡಿದ್ದರು. ನಮ್ಮ ಶಾಖೆಯ ಹಿರಿಯ ಕ್ಯಾಷಿಯರ್ ಬೆನೆ ಇಸ್ರೇಲ್ ಸಮುದಾಯದವರು, ಎಂದರೆ ಕೊಂಕಣ ತೀರದ ಯಹೂದಿಗಳು. ಮನೆಮಾತು ಮರಾಠಿ. ಹಿಂದೆ ಗಾಣದ ಕಸುಬಿನವರಾಗಿದ್ದು ಯಹೂದಿಗಳ ವಿರಾಮದ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರನ್ನು 'ಶನಿವಾರ ತೇಲಿ' ಎಂದು ಕರೆಯುತ್ತಿದ್ದರು. ಠಾಣೆಯಲ್ಲಿ 1879ರಲ್ಲಿ ಕಟ್ಟಿದ ಅವರ ಸಿನಗಾಗ್, ಎಂದರೆ ಪ್ರಾರ್ಥನಾ ಮಂದಿರ, ಇದೆ. ಮನೆಯಲ್ಲಿ ಶುಭಕಾರ್ಯವಾದರೆ ಪ್ರವಾದಿ ಎಲಿಯಾನ ಹೆಸರಿನಲ್ಲಿ 'ಮಲಿದಾ' ಮಾಡುತ್ತಾರೆ. ಅವಲಕ್ಕಿ, ಬೆಲ್ಲ, ತೆಂಗಿನ ತುರಿ, ಮೇಲೆ ಹಣ್ಣು. ಮೊದಲ ಸಲ ತಿಂದಾಗ ನಮ್ಮ ಕೃಷ್ಣಾಷ್ಟಮಿಯ ಸಿಹಿ ಅವಲಕ್ಕಿಯೇ ಇದು ಎಂದು ನಕ್ಕಿದ್ದೆ.

ಅವರ ಮನೆಯ ಗೋಡೆಗೆ ಒಂದು ತಗಡಿನ ಡಬ್ಬಿ ಇತ್ತು. ಶುಕ್ರವಾರ ಸಂಜೆ ದೀಪ ಹಚ್ಚುವ ಮುನ್ನ ಮನೆಯವರೆಲ್ಲ ಅದರೊಳಗೆ ನಾಣ್ಯ ಹಾಕುತ್ತಿದ್ದರು. ದಾನದ ಡಬ್ಬಿಯೇ ಎಂದು ಕೇಳಿದೆ. ದಾನವಲ್ಲ, 'ತ್ಸೆದಾಕಾ' ಎಂದರು. ಹೀಬ್ರೂ ಭಾಷೆಯಲ್ಲಿ ಆ ಪದದ ಬೇರು ನ್ಯಾಯ, ಕರುಣೆಯಲ್ಲ. ಕೊಡದಿದ್ದರೆ ಜಿಪುಣತನವಲ್ಲ, ಬಾಕಿ ಉಳಿಸಿಕೊಂಡಂತೆ. ತ್ಸೆದಾಕಾ ಪಡೆದು ಬದುಕುವ ಬಡವನೂ ಅದರಲ್ಲಿ ಸ್ವಲ್ಪ ಕೊಡಬೇಕು ಎಂದು ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಹೇಳುತ್ತದೆ. ಉಳ್ಳವನು ಆಸ್ತಿಯ ಐದನೆಯ ಒಂದು ಪಾಲಿಗಿಂತ ಹೆಚ್ಚು ಕೊಟ್ಟು ತಾನೇ ಕೈಚಾಚುವಂತಾಗಬಾರದು ಎಂದೂ ಅದೇ ಹೇಳುತ್ತದೆ. ಲೆಕ್ಕದವಳಾದ ನನಗೆ ಈ ಎರಡನೆಯ ಮಾತು ಹೆಚ್ಚು ಹಿಡಿಸಿತ್ತು.

ಆದರೆ ನನ್ನ ಕೆಲಸದ ದಾರಿಯನ್ನು ಬದಲಿಸಿದ್ದು ತಾಲ್ಮುದಿನ ಇನ್ನೊಂದು ನಿಯಮ: ಊರಿನ ನಿಧಿಯನ್ನು ಇಬ್ಬರು ಸೇರಿ ಎತ್ತಬೇಕು, ಮೂವರು ಕೂತು ಹಂಚಬೇಕು. ಹಂಚುವುದು ತೀರ್ಪು ಕೊಟ್ಟ ಹಾಗೆ, ಆದ್ದರಿಂದ ಮೂವರು. ನಿಮ್ಮ ಟ್ರಸ್ಟಿನಲ್ಲಿ ಎಷ್ಟೇ ಟ್ರಸ್ಟಿಗಳಿರಲಿ, ಮೊದಲು ಈ ಮೂವರನ್ನು ಹುಡುಕಿ. ನಮ್ಮಲ್ಲಿ ನಾನೊಬ್ಬಳು. ಇನ್ನೊಬ್ಬರು ನಿವೃತ್ತ ಶಿಕ್ಷಕರು. ಕನ್ನಡ, ತೆಲುಗು, ಉರ್ದು ಮೂರೂ ಬರುತ್ತವೆ. ಕೋಲಾರ ಜಿಲ್ಲೆಯಲ್ಲಿ ಒಂದೇ ಭಾಷೆಯಲ್ಲಿ ಅರ್ಜಿ ಕೇಳಿದರೆ ಅರ್ಧ ಜನರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ. ಕೆಜಿಎಫ್ ಕಡೆ ಹೋದರೆ ತಮಿಳೂ ಬೇಕು. ಮೂರನೆಯವರು, ಬೀಗದ ಕೈ ಎಲ್ಲಿ ಎಂದು ನನ್ನನ್ನು ಕೇಳಿದ ಅದೇ ಹೆಂಗಸು. ಅವರಿಗೆ ಒಂದು ಸಭೆಗೆ 500 ರೂಪಾಯಿ ಮತ್ತು ಬಸ್ ಖರ್ಚು ಕೊಡುತ್ತೇವೆ. ಕೂಲಿ ಬಿಟ್ಟು ಬರುವವರನ್ನು 'ಸೇವೆ' ಎಂದು ಬಿಟ್ಟಿಯಾಗಿ ಕೂರಿಸಬೇಡಿ. ಮೂವರಲ್ಲಿ ಇಬ್ಬರು ಒಪ್ಪಿದರೆ ಹಣ ಹೋಗುತ್ತದೆ. ನಾನು ಬೇಡವೆಂದರೂ ಹೋದದ್ದುಂಟು, ಎರಡು ಸಲ ನನ್ನದೇ ತಪ್ಪಾಗಿತ್ತು.

ಅರ್ಜಿ ಒಂದು ಪುಟ ಮೀರಬಾರದು. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಶಿಕ್ಷಕರು ಬರೆದುಕೊಳ್ಳುತ್ತಾರೆ. ಕೇಳಬೇಕಾದ ಪ್ರಶ್ನೆ ಮುಖ್ಯ. ಎಷ್ಟು ಜನ ಬರುತ್ತಾರೆ ಎಂದು ಕೇಳಿದರೆ 'ಇಡೀ ಊರೇ ಬರುತ್ತದೆ' ಎನ್ನುತ್ತಾರೆ. ಕಳೆದ ಸಲ ಯಾರು ಬರಲಿಲ್ಲ ಎಂದು ಕೇಳಿ. ಆಗ ಮಾತು ನಿಲ್ಲುತ್ತದೆ. ನಿಂತಾಗ ನೀವೂ ಸುಮ್ಮನಿರಿ. ಒಂದು ವಾಚನಾಲಯದ ಹುಡುಗರು ಹತ್ತು ನಿಮಿಷ ಯೋಚಿಸಿ, "ಹೆಂಗಸರು ಯಾರೂ ಬರಲ್ಲ ಮೇಡಂ, ಇಂಟರೆಸ್ಟ್ ಇಲ್ಲ" ಎಂದರು. ಹೋಗಿ ನೋಡಿದರೆ ವಾಚನಾಲಯದ ಬಾಗಿಲು ತೆರೆಯುವುದೇ ಸಂಜೆ ಆರಕ್ಕೆ, ಡೇರಿಗೆ ಹಾಲು ಹಾಕುವ ಹೊತ್ತಿಗೆ. ನಮ್ಮ ಕಡೆ ಆ ಹೊತ್ತಿನಲ್ಲಿ ಕೈಯಲ್ಲಿ ಕ್ಯಾನು ಹಿಡಿಯದ ಹೆಂಗಸು ಸಿಗುವುದು ಕಷ್ಟ. ಪುಸ್ತಕಕ್ಕೆಂದು ಕೇಳಿದ 20,000ದಲ್ಲಿ 6,000 ಕಡಿತ ಮಾಡಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ತೆರೆದಿಡುವ ಒಬ್ಬ ಹುಡುಗಿಯ ಗೌರವಧನಕ್ಕೆ ಕೊಟ್ಟೆವು. ಹುಡುಗರಿಗೆ ಸಿಟ್ಟು ಬಂತು. ಬರಲಿ.

ಕೊಡುವ ಮುನ್ನ ಒಮ್ಮೆ, ಕೊಟ್ಟ ಮೇಲೆ ಒಮ್ಮೆ ಹೋಗಿಬನ್ನಿ. ಎರಡನೆಯ ಸಲ ಹೇಳದೆ ಹೋಗಿ. ಫೋಟೊ, ವರದಿ ಎಂದು ಪೀಡಿಸಬೇಡಿ; ಸಮಿತಿಯಲ್ಲಿ ಇಲ್ಲದ ಇಬ್ಬರನ್ನು ಮಾತನಾಡಿಸಿ, ಸಾಕು.

ಇಳಿಜಾರಿನ ಪಾಠ ಕಲಿತದ್ದು ಹೀಗೆ ಹೋದಾಗಲೇ. ಮುಳಬಾಗಿಲು ತಾಲ್ಲೂಕಿನ ಒಂದು ಸಮುದಾಯ ಭವನಕ್ಕೆ ಗಾಲಿಕುರ್ಚಿ ಹತ್ತಲು ಇಳಿಜಾರು ಕಟ್ಟಲು 18,000 ಕೊಟ್ಟಿದ್ದೆವು. ಭವನದ ಜಗುಲಿ ನೆಲದಿಂದ ಒಂದೂವರೆ ಅಡಿ ಎತ್ತರ. ಮೇಸ್ತ್ರಿ ಆರು ಅಡಿ ಉದ್ದದಲ್ಲಿ ಮುಗಿಸಿ, ಮೇಲೆ ನುಣ್ಣಗೆ ಸಿಮೆಂಟ್ ಸಾರಿಸಿ, ಅಂಚಿಗೆ ಕೆಮ್ಮಣ್ಣಿನ ಬಣ್ಣ ಬಳಿದಿದ್ದರು. ನೋಡಲು ಚೆನ್ನಾಗಿತ್ತು. ಯಾರಿಗಾಗಿ ಕಟ್ಟಿದ್ದೋ ಆ ಪೋಲಿಯೊ ಬಾಧಿತ ಹೆಣ್ಣುಮಗಳು ತನ್ನ ಕುರ್ಚಿಯಿಂದ ಜಗುಲಿಗೆ ಸರಿದು ಕೂತು, "ನೀವೇ ಒಂದು ಸಲ ಕೂತು ಹತ್ತಿ ನೋಡಿ" ಎಂದಳು. ಕೂತೆ. ಎರಡು ಅಡಿ ಹತ್ತುವಷ್ಟರಲ್ಲಿ ಮುಂದಿನ ಚಕ್ರ ಮೇಲೆದ್ದು ಕುರ್ಚಿ ಹಿಂದಕ್ಕೆ ವಾಲಿತು. ಶಿಕ್ಷಕರು ಹಿಡಿದುಕೊಳ್ಳದಿದ್ದರೆ ನನ್ನ ಸೊಂಟದ ಕಥೆ ಬೇರೆಯಾಗುತ್ತಿತ್ತು.

ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದು ಇಳಿಜಾರಿನ ಅಳತೆ. ಒಂದೂವರೆ ಅಡಿಗೆ ಹದಿನೆಂಟು. ಅಷ್ಟು ಜಾಗ ಎದುರಿಗೆ ಇರಲಿಲ್ಲ. ಗೋಡೆಯ ಪಕ್ಕದಲ್ಲಿ ಒಂಬತ್ತು ಅಡಿ ಹೋಗಿ, ಕುರ್ಚಿ ತಿರುಗುವಷ್ಟು ಚೌಕದ ಕಟ್ಟೆ ಬಿಟ್ಟು, ಮತ್ತೆ ಒಂಬತ್ತು ಅಡಿ ಕಟ್ಟಿಸಿದೆವು. ಮೇಲ್ಮೈಗೆ ಗೀರು ಎಳೆಸಿ, ಕಬ್ಬಿಣದ ಕಂಬಿ ಹಾಕಿಸಿದೆವು. ಮೊದಲಿನದನ್ನು ಒಡೆಸಿದ ಕೂಲಿಯೂ ಸೇರಿ ಇನ್ನೂ 31,000 ಹೋಯಿತು. ಈಗ ಕಟ್ಟಡದ ಕೆಲಸವಾದರೆ ಬಳಸುವವರೇ ಬಂದು ಅಳತೆ ಒಪ್ಪಿದ ಮೇಲೆ ಮೊದಲ ಕಂತು, ಹತ್ತಿ ತೋರಿಸಿದ ಮೇಲೆ ಎರಡನೆಯದು. ದೂರದ ಅಮೆರಿಕದಲ್ಲೂ ಯಹೂದಿ ಸಂಸ್ಥೆಗಳು 2009ರಿಂದ ಪ್ರತಿ ಫೆಬ್ರುವರಿಯನ್ನು ಅಂಗವಿಕಲರ ಒಳಗೊಳ್ಳುವಿಕೆಯ ತಿಂಗಳಾಗಿ ನಡೆಸುತ್ತಿವೆ ಎಂದು ಓದಿದ್ದೇನೆ. ಪ್ರಾರ್ಥನಾ ಮಂದಿರದ ಮೆಟ್ಟಿಲು ಅಲ್ಲಿಯೂ ಮೆಟ್ಟಿಲೇ.

ಕಾಗದಪತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ, ಬೇಸರದ್ದು, ಆದರೆ ಬಿಡುವಂತಿಲ್ಲ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ಇನ್ನೊಂದು ನೋಂದಾಯಿತ ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ 85 ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಟ್ರಸ್ಟ್ ಆದರೆ ಧಾರ್ಮಿಕ ಕಾರ್ಯಕ್ಕೆ ಆದಾಯದ ಶೇ 5ಕ್ಕಿಂತ ಹೆಚ್ಚು ಹೋಗಬಾರದು. ಆದ್ದರಿಂದ ಜಾತ್ರೆಗೆಂದು ಕೇಳಿ ಬಂದವರಿಗೆ ನಾವು ಹೂವಿನ ಪಲ್ಲಕ್ಕಿಗೆ ಕೊಡುವುದಿಲ್ಲ, ಕುಡಿಯುವ ನೀರಿಗೂ ಹೆಂಗಸರ ಶೌಚಾಲಯಕ್ಕೂ ಕೊಡುತ್ತೇವೆ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಡಬೇಡಿ. ನೋಂದಣಿ ಇಲ್ಲದ ಯುವಕರ ಗುಂಪಾದರೆ ಬಿಲ್ ತರಿಸಿ ಅಂಗಡಿಗೇ ನೇರವಾಗಿ ಹಣ ಹಾಕಿ. ನನ್ನ ತಮ್ಮನ ಮಗ ಅಮೆರಿಕದ ಪೌರ. ಸಾವಿರ ಡಾಲರ್ ಕಳಿಸುತ್ತೇನೆ ಎಂದು ಕುಣಿದ. ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ, 2020ರ ತಿದ್ದುಪಡಿಯ ನಂತರ ಆ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ನಿನ್ನ ಡಾಲರ್ ನಿನ್ನಲ್ಲೇ ಇರಲಿ, ಊರಿಗೆ ಬಂದಾಗ ಎರಡು ದಿನ ಕೈಕೆಲಸ ಮಾಡು ಎಂದೆ. ಇನ್ನೂ ಬಂದಿಲ್ಲ.

ಹೆಸರು ಬರೆಸುವ ವಿಷಯ. ಹನ್ನೆರಡನೆಯ ಶತಮಾನದ ಯಹೂದಿ ಪಂಡಿತ ಮೈಮೊನೈಡಿಸ್ ಕೊಡುವುದರಲ್ಲಿ ಎಂಟು ಮೆಟ್ಟಿಲು ಎಣಿಸಿದ್ದಾನೆ. ಗೊಣಗುತ್ತ ಕೊಡುವುದು ಎಲ್ಲಕ್ಕಿಂತ ಕೆಳಗೆ. ಪಡೆದವನಿಗೂ ಕೊಟ್ಟವನಿಗೂ ಪರಸ್ಪರ ಗೊತ್ತಿಲ್ಲದ್ದು ಮೇಲಿನಿಂದ ಎರಡನೆಯದು. ಮಧ್ಯದ ಒಂದು ಮೆಟ್ಟಿಲಿಗೆ ಅವನು ಕೊಡುವ ಉದಾಹರಣೆ ನನಗೆ ಇಷ್ಟ: ಹಿಂದಿನ ಜ್ಞಾನಿಗಳು ಬಟ್ಟೆಯಲ್ಲಿ ನಾಣ್ಯ ಕಟ್ಟಿ ಬೆನ್ನ ಹಿಂದೆ ಇಳಿಬಿಟ್ಟು ನಡೆಯುತ್ತಿದ್ದರಂತೆ, ಬೇಕಾದವರು ನಾಚಿಕೆಯಿಲ್ಲದೆ ಬಿಡಿಸಿಕೊಳ್ಳಲಿ ಎಂದು. ತಿರುಪತಿಗೆ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟುವ ನಮಗೆ ಗಂಟು ಹೊಸದಲ್ಲ, ಬೆನ್ನು ತಿರುಗಿಸುವುದು ಹೊಸದು. ನಮ್ಮ ಕಣದಲ್ಲಿ ರಾಗಿ ತೂರುವ ದಿನ ಆಯಕ್ಕೆಂದು, ಎಂದರೆ ಸುಗ್ಗಿಯ ಪಾಲಿಗೆಂದು, ಬಂದವರು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ನಿಲ್ಲುತ್ತಿದ್ದರು. ಯಾರಿಗೆ ಎಷ್ಟು ಎಂದು ತಾತ ತೀರ್ಮಾನಿಸುತ್ತಿದ್ದರು. ಯಹೂದಿ ಶಾಸ್ತ್ರದಲ್ಲಿ ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು, ಆ ಬೆಳೆಯನ್ನು ಯಾವ ಬಡವ ಕೊಯ್ಯಬೇಕು ಎಂದು ಆರಿಸುವ ಹಕ್ಕೂ ಹೊಲದವನಿಗಿಲ್ಲ. ಈ ಎರಡರ ನಡುವಿನ ಅಂತರ ತಿಳಿಯಲು ನನಗೆ ಅರವತ್ತು ವರ್ಷ ಬೇಕಾಯಿತು. ಕುರ್ಚಿಗಳ ಮೇಲಿನ ಮಾವನವರ ಹೆಸರನ್ನು ಥಿನ್ನರ್ ಹಚ್ಚಿ ನಾನೇ ಉಜ್ಜಿಸಿದೆ.

ಮೈಮೊನೈಡಿಸನ ಅತಿ ಮೇಲಿನ ಮೆಟ್ಟಿಲು, ಮುಂದೆ ಕೇಳುವ ಸ್ಥಿತಿಯೇ ಬಾರದಂತೆ ಸಾಲವನ್ನೋ ಕೆಲಸವನ್ನೋ ಪಾಲುದಾರಿಕೆಯನ್ನೋ ಕೊಡುವುದು. ನ್ಯೂಯಾರ್ಕಿನಲ್ಲಿ 1892ರಿಂದ ಹೀಗೆ ಬಡ್ಡಿಯಿಲ್ಲದ ಸಾಲ ಕೊಡುವ ಯಹೂದಿ ಸಂಘವಿದೆ. ಹಣವಷ್ಟೇ ಅಲ್ಲ, ಮದುವೆ ಬಟ್ಟೆ, ತೊಟ್ಟಿಲು, ಕುರ್ಚಿಗಳನ್ನೂ ಕೈಬದಲಿಗೆ ಕೊಡುವ ಮನೆಮನೆಯ ಏರ್ಪಾಡಿಗೆ ಅವರಲ್ಲಿ 'ಗೆಮಾಖ್' ಎನ್ನುತ್ತಾರೆ. ಇದನ್ನು ಓದಿ ನಾನು ಪಾತ್ರೆಗಳಿಗೆ ಕೈಹಾಕಿದೆ.

ಕೋಲಾರಕ್ಕೆ ಹತ್ತಿರದ ಒಂದು ಊರಿನಲ್ಲಿ ದೇವಸ್ಥಾನದ ಅಡುಗೆ ಪಾತ್ರೆಗಳನ್ನು ಮೇಲಿನ ಬೀದಿಯವರು ಮದುವೆ, ತಿಥಿಗಳಿಗೆ ಒಯ್ಯುತ್ತಿದ್ದರು. ಕಾಲೊನಿಯವರಿಗೆ ಕೊಡುತ್ತಿರಲಿಲ್ಲ, 'ಸವೆದುಹೋಗಿವೆ' ಎಂಬುದು ಅವರು ಹೇಳುವ ಕಾರಣ. ಕಾಲೊನಿಗೆ ಬೇರೆ ಪಾತ್ರೆ ಕೊಡಿಸಿ ಎಂದು ಊರಿನ ಹಿರಿಯರೇ ಅರ್ಜಿ ತಂದರು. ನಾನು ಬರೆದೇ ಬಿಡುತ್ತಿದ್ದೆ. ನಮ್ಮ ಮೂರನೆಯವರು ತಡೆದರು: "ಬೇರೆ ಪಾತ್ರೆ ಕೊಟ್ಟರೆ ಬೇರೆ ಮಾಡಿದ್ದಕ್ಕೆ ನೀವೇ ಸಹಿ ಹಾಕಿದಂತೆ." ಕೊನೆಗೆ ಅವರ ಮಾತಿನಂತೆ 46,000 ರೂಪಾಯಿಗೆ ಎರಡು ಕೊಪ್ಪರಿಗೆ, ನಾಲ್ಕು ಕೊಳಗ, ಮುದ್ದೆ ತಿರುವುವ ದೊಡ್ಡ ಪಾತ್ರೆ, ಸೌಟು, ಬಕೆಟ್ಟುಗಳನ್ನು ಇಡೀ ಊರಿಗೆಂದು ಕೊಡಿಸಿದೆವು. ಕೋಣೆಯ ಬೀಗದ ಕೈ ಮತ್ತು ಪುಸ್ತಕ ಮಾತ್ರ ಕಾಲೊನಿಯ ಮಹಿಳಾ ಸ್ವಸಹಾಯ ಸಂಘದ ಬಳಿ. ಯಾರಿಗೆ ಬೇಕಾದರೂ ಉಚಿತ, ಬಂದು ಕೇಳಿ ಸಹಿ ಹಾಕಬೇಕು.

ಐದು ತಿಂಗಳು ಮೇಲಿನ ಬೀದಿಯಿಂದ ಒಬ್ಬರೂ ಬರಲಿಲ್ಲ. ಹಿರಿಯರು ನನಗೆ ಫೋನ್ ಮಾಡುವುದನ್ನೂ ನಿಲ್ಲಿಸಿದರು. ಹಣ ನೀರಿಗೆ ಹಾಕಿದೆವೇನೋ ಎನ್ನಿಸಿತು. ಇಂಥ ಕಡೆ ಮಧ್ಯೆ ಬಾಯಿ ಹಾಕದೆ ಒಂದು ವರ್ಷವಾದರೂ ಕಾಯಿರಿ. ಕಳೆದ ವಾರ ಹೋಗಿ ಪುಸ್ತಕ ತೆರೆದೆ. ಹದಿನಾಲ್ಕು ತಿಂಗಳಲ್ಲಿ ಮೂವತ್ತೊಂದು ಸಲ ಪಾತ್ರೆ ಹೊರಗೆ ಹೋಗಿವೆ. ಅದರಲ್ಲಿ ನಾಲ್ಕು ಮೇಲಿನ ಬೀದಿಗೆ. ನಾಲ್ಕನೆಯದರ ಎದುರು ಸಂಘದ ಕಾರ್ಯದರ್ಶಿ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ: 'ಕೊಳಗದ ಮುಚ್ಚಳ ಒಂದು ಬಂದಿಲ್ಲ. ದಂಡ 120. ಕೊಟ್ಟರು.'